ಸಭ್ಯತೆಯ ನುಡಿ, ಕೊಲೆಯ ಲೆಕ್ಕ: ಬ್ರಿಟಿಷ್ ಕರಾಳ ಹಾಸ್ಯಚಿತ್ರಗಳಲ್ಲಿ ವರ್ಗಪ್ರಜ್ಞೆ

ಹಾಸ್ಯವೆಂಬುದು ಅಧಿಕಾರದ ವಿರುದ್ಧ ಕೆಳಗಿನವರು ಹಿಡಿಯುವ ಆಯುಧವೆಂಬ ತಿಳಿವಳಿಕೆ ನಮ್ಮ ವಿಮರ್ಶೆಯಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಬಖ್ತಿನ್‌ನ ಕಾರ್ನಿವಲ್ ಪರಿಕಲ್ಪನೆಯು ಇದಕ್ಕೆ ಸೈದ್ಧಾಂತಿಕ ಬಲವನ್ನೂ ಒದಗಿಸಿದೆ. ಆದರೆ ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಬಂದ ಕೆಲವು ಕರಾಳ ಹಾಸ್ಯದ ಚಲನಚಿತ್ರಗಳು ಈ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. ಅವುಗಳಲ್ಲಿ ಕುಲೀನರು ಸಾಲುಸಾಲಾಗಿ ಸಾಯುತ್ತಾರೆ; ಕುಲೀನಪದವಿ ಮಾತ್ರ ಕೆಡದೆ ಉಳಿಯುತ್ತದೆ. ಕೊಲೆಗಾರನಿಗೆ ಬೇಕಾದುದು ಏಣಿಯನ್ನು ಮುರಿಯುವುದಲ್ಲ, ಅದರ ತುದಿಯಲ್ಲಿ ಕೂರುವುದು. 1949ರ 'ಕೈಂಡ್ ಹಾರ್ಟ್ಸ್ ಅಂಡ್ ಕಾರೊನೆಟ್ಸ್' ಚಿತ್ರವನ್ನು ಮುಖ್ಯವಾಗಿಟ್ಟುಕೊಂಡು, 1972ರ 'ದಿ ರೂಲಿಂಗ್ ಕ್ಲಾಸ್' ಮತ್ತು 2023ರ 'ಸಾಲ್ಟ್‌ಬರ್ನ್' ಚಿತ್ರಗಳನ್ನು ಅದರ ಪಕ್ಕದಲ್ಲಿರಿಸಿ, ಈ ಹಾಸ್ಯವು ವಾಸ್ತವವಾಗಿ ಯಾರ ಕಡೆಗೆ ಬೆರಳು ತೋರುತ್ತದೆಂಬುದನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಈಲಿಂಗ್ ಸ್ಟುಡಿಯೋ ನಿರ್ಮಿಸಿ ರಾಬರ್ಟ್ ಹ್ಯಾಮರ್ ನಿರ್ದೇಶಿಸಿದ ಮೊದಲ ಚಿತ್ರದ ಕಥೆ ನಡೆಯುವುದು ಇಪ್ಪತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನಲ್ಲಿ. ಲೂಯಿ ಮ್ಯಾಜಿನಿಯ ತಾಯಿ ಡ್ಯಾಸ್ಕಾಯಿನ್ ಎಂಬ ಡ್ಯೂಕ್ ಮನೆತನದ ಮಗಳು. ಇಟಲಿಯ ಗಾಯಕನೊಬ್ಬನನ್ನು ಮದುವೆಯಾದ ಕಾರಣಕ್ಕೆ ಮನೆತನ ಅವಳನ್ನು ಹೊರಗಿಟ್ಟಿದೆ. ಸತ್ತ ಮೇಲೂ ಅವಳಿಗೆ ಕುಟುಂಬದ ಸಮಾಧಿಯಲ್ಲಿ ಜಾಗ ಸಿಗುವುದಿಲ್ಲ. ಬಟ್ಟೆಯಂಗಡಿಯಲ್ಲಿ ಗುಮಾಸ್ತನಾಗಿ ದುಡಿಯುವ ಮಗ, ತನಗೂ ಪದವಿಗೂ ನಡುವೆ ನಿಂತವರನ್ನು ಒಬ್ಬೊಬ್ಬರಾಗಿ ಇಲ್ಲವಾಗಿಸಲು ತೊಡಗುತ್ತಾನೆ. ಚಿತ್ರಪಟವೊಂದರ ಹಿಂಬದಿಯಲ್ಲಿ ಬರೆದಿಟ್ಟ ವಂಶವೃಕ್ಷದಲ್ಲಿ ಹೆಸರುಗಳಿಗೆ ಗೀಟು ಬೀಳುತ್ತ ಹೋಗುತ್ತದೆ. ಹೆಣ್ಣಿನ ಕಡೆಯಿಂದಲೂ ಈ ಪದವಿ ಇಳಿದುಬರುವುದಕ್ಕೆ ಚಿತ್ರ ಕೊಡುವ ಕಾರಣವೂ ಸ್ವಾರಸ್ಯಕರವಾದುದು: ಎರಡನೆಯ ಚಾರ್ಲ್ಸ್ ದೊರೆಗೆ ಮೊದಲ ಡ್ಯೂಕನ ಹೆಂಡತಿ ಸಲ್ಲಿಸಿದ 'ಸೇವೆ'ಗೆ ಪ್ರತಿಯಾಗಿ ದೊರೆತ ವಿಶೇಷ ಅನುಗ್ರಹ ಅದು. ರಕ್ತಶುದ್ಧಿಯ ಹೆಸರಿನಲ್ಲಿ ಮಗಳನ್ನು ಹೊರಹಾಕಿದ ಮನೆತನದ ಹಕ್ಕುಪತ್ರದಲ್ಲಿಯೇ ಇಂಥದೊಂದು ಕಲೆಯಿದೆ.

ಅಲೆಕ್ ಗಿನ್ನಿಸ್ ಡ್ಯಾಸ್ಕಾಯಿನ್ ಮನೆತನದ ಎಂಟು ಮಂದಿಯ ಪಾತ್ರಗಳನ್ನು ತಾನೊಬ್ಬನೇ ನಿರ್ವಹಿಸಿದ್ದಾನೆ. ಪಾದ್ರಿ, ಸೇನಾನಿ, ನೌಕಾಧಿಪತಿ, ಬ್ಯಾಂಕಿನ ಒಡೆಯ, ಹೆಣ್ಣುಮಕ್ಕಳ ಮತದಾನದ ಹಕ್ಕಿಗಾಗಿ ಹೋರಾಡುವ ಲೇಡಿ ಅಗಾಥಾ ಮೊದಲಾದವರೆಲ್ಲ ಒಂದೇ ಮುಖದವರು. ಇದನ್ನು ನಟನ ಚಮತ್ಕಾರವೆಂದಷ್ಟೇ ಮೆಚ್ಚುವುದು ವಾಡಿಕೆ. ಆದರೆ ಧರ್ಮ, ಸೇನೆ, ಹಣಕಾಸು, ಭೂಮಿ ಎಲ್ಲವೂ ಒಂದೇ ಮನೆಯ ಕೋಣೆಗಳು ಎಂಬುದನ್ನು ಒಂದು ಮಾತೂ ಇಲ್ಲದೆ ಹೇಳುವ ಕ್ರಮವಿದು. ಚರ್ಚಿನ ಒಂದು ದೃಶ್ಯದಲ್ಲಿ ಆರು ಡ್ಯಾಸ್ಕಾಯಿನ್‌ಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತಾರೆ. ಛಾಯಾಗ್ರಾಹಕ ಡಗ್ಲಸ್ ಸ್ಲೊಕೊಂಬ್ ಕ್ಯಾಮರಾವನ್ನು ಅಲುಗದಂತೆ ಬಿಗಿದು, ಅದೇ ಫಿಲ್ಮನ್ನು ಮತ್ತೆಮತ್ತೆ ಹಿಂದಕ್ಕೆ ಸುತ್ತಿ ಈ ದೃಶ್ಯವನ್ನು ಚಿತ್ರಿಸಿದ. ಯಾರೂ ಮುಟ್ಟದಿರಲೆಂದು ರಾತ್ರಿ ಸ್ಟುಡಿಯೋದಲ್ಲಿಯೇ ಮಲಗಿದ್ದ. ಗಮನಾರ್ಹವೆಂದರೆ, ಇವರಲ್ಲಿ ಇಬ್ಬರನ್ನು ಲೂಯಿ ಕೊಲ್ಲಬೇಕಾಗಿಯೇ ಬರುವುದಿಲ್ಲ. ನೌಕಾಧಿಪತಿ ತಪ್ಪು ಆಜ್ಞೆ ಕೊಟ್ಟು ತನ್ನ ಹಡಗಿನೊಂದಿಗೆ ಮುಳುಗುತ್ತಾನೆ. 1893ರಲ್ಲಿ ಅಡ್ಮಿರಲ್ ಟ್ರಯನ್‌ನ ಆಜ್ಞೆಯಿಂದಾಗಿ 'ವಿಕ್ಟೋರಿಯಾ' ಯುದ್ಧನೌಕೆ ಮುಳುಗಿದ ಘಟನೆಯನ್ನು ಇದು ನೆನಪಿಗೆ ತರುತ್ತದೆ. ಬ್ಯಾಂಕಿನ ಒಡೆಯನಿಗೆ ತಾನೇ ಡ್ಯೂಕ್ ಆದ ಸುದ್ದಿಯ ಆಘಾತವೇ ಸಾಕಾಗುತ್ತದೆ.

ಚಿತ್ರದ ನಿಜವಾದ ಶಕ್ತಿಯಿರುವುದು ಅದರ ನಿರೂಪಣೆಯಲ್ಲಿ. ಗಲ್ಲಿಗೇರುವ ಹಿಂದಿನ ರಾತ್ರಿ ಸೆರೆಮನೆಯಲ್ಲಿ ಕುಳಿತು ಲೂಯಿ ಬರೆದ ಆತ್ಮಕಥೆಯಾಗಿ ಇಡೀ ಕಥೆ ತೆರೆದುಕೊಳ್ಳುತ್ತದೆ. ಡೆನಿಸ್ ಪ್ರೈಸ್‌ನ ದನಿ ಎಲ್ಲಿಯೂ ಏರುವುದಿಲ್ಲ. ಹವ್ಯಾಸಿ ಛಾಯಾಗ್ರಾಹಕ ಹೆನ್ರಿಯ ಕೊಲೆಯ ಪ್ರಸಂಗವನ್ನು ನೋಡಬಹುದು. ಅವನ ಕತ್ತಲೆಕೋಣೆಯ ದೀಪಕ್ಕೆ ಸೀಮೆಎಣ್ಣೆಯ ಬದಲು ಪೆಟ್ರೋಲ್ ತುಂಬಿಟ್ಟ ಲೂಯಿ, ತೋಟದಲ್ಲಿ ಹೆನ್ರಿಯ ಹೆಂಡತಿ ಈಡಿತ್‌ಳೊಂದಿಗೆ ಚಹಾಕ್ಕೆ ಕುಳಿತಿದ್ದಾನೆ. ಆಚೆ ಸ್ಫೋಟದ ಮಂದವಾದ ಸದ್ದು. ಗೋಡೆಯ ಹಿಂದಿನಿಂದ ಹೊಗೆ. ಆದರೂ ಸಂಭಾಷಣೆಯ ಸೌಜನ್ಯ ಕದಡುವುದಿಲ್ಲ. ಪ್ರೇಕ್ಷಕ ನಗುವುದು ಸತ್ತವನನ್ನು ಕಂಡಲ್ಲ. ಸಾವೂ ಅಲುಗಿಸಲಾಗದ ಚಹಾದ ಶಿಷ್ಟಾಚಾರವನ್ನು ಕಂಡು. ಆ ಶಿಷ್ಟಾಚಾರ ಡ್ಯಾಸ್ಕಾಯಿನ್‌ಗಳದು. ಅದನ್ನು ಅವರಿಗಿಂತ ಚೆನ್ನಾಗಿ ಕಲಿತವನು ಅಂಗಡಿಯ ಗುಮಾಸ್ತ.

ಭರತನು ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ಆರು ಬಗೆಯಾಗಿ ವಿಂಗಡಿಸಿ, ಸ್ಮಿತ, ಹಸಿತಗಳನ್ನು ಉತ್ತಮಪ್ರಕೃತಿಗೂ ವಿಹಸಿತ, ಉಪಹಸಿತಗಳನ್ನು ಮಧ್ಯಮಕ್ಕೂ ಅಪಹಸಿತ, ಅತಿಹಸಿತಗಳನ್ನು ಅಧಮಕ್ಕೂ ಹಂಚಿದ್ದಾನೆ. ನಗುವಿಗೂ ಶ್ರೇಣಿಯುಂಟು ಎಂಬ ಈ ಗ್ರಹಿಕೆ ಲೂಯಿಯ ಪಾತ್ರವನ್ನು ಅರಿಯಲು ನೆರವಾಗುತ್ತದೆ. ಹಲ್ಲು ಕಾಣದ ಸ್ಮಿತದ ಎಲ್ಲೆಯನ್ನು ಅವನು ದಾಟುವುದೇ ಅಪರೂಪ. ಉತ್ತಮಪ್ರಕೃತಿಯ ನಗುವನ್ನು ರೂಢಿಸಿಕೊಂಡ ದಿನವೇ ಅವನು ಡ್ಯೂಕ್ ಆಗಿಬಿಟ್ಟಿದ್ದಾನೆ; ಕೊಲೆಗಳು ಅದರ ದಾಖಲಾತಿ ಮಾತ್ರ.

ಹಾಗಾದರೆ ಇದನ್ನು ವರ್ಗದ್ವೇಷದ ಕಥೆಯೆನ್ನಬಹುದೇ? ಬಾಲ್ಯದ ಒಡನಾಡಿ ಲಯೊನೆಲ್ ದಿವಾಳಿಯಾಗಿ ಸಹಾಯ ಬೇಡಲು ಬಂದಾಗ ಲೂಯಿ ನಡೆದುಕೊಳ್ಳುವ ರೀತಿ ಈ ಪ್ರಶ್ನೆಗೆ ಉತ್ತರವಾಗುತ್ತದೆ. ಡ್ಯಾಸ್ಕಾಯಿನ್‌ಗಳನ್ನು ಕೊಲ್ಲುವಾಗ ಇಲ್ಲದ ತಿರಸ್ಕಾರ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಮೇಲಿನವರನ್ನು ಅವನು ಲೆಕ್ಕಾಚಾರದಿಂದ ಕೊಲ್ಲುತ್ತಾನೆ. ಹೇಸುವುದು ತಾನು ಬಿಟ್ಟುಬಂದ ಜಗತ್ತಿಗೆ. ಅವನಿಗೆ ಮರಣದಂಡನೆಯಾಗುವುದೂ ತಾನು ಮಾಡದ ಕೊಲೆಗೆ, ಅಂದರೆ ಲಯೊನೆಲ್‌ನ ಆತ್ಮಹತ್ಯೆಗೆ.

ಈ ವ್ಯಂಗ್ಯಕ್ಕೆ ಚಿತ್ರದ ಮೊದಲಲ್ಲೇ ಬರುವ ಗಲ್ಲಿಗೇರಿಸುವವನನ್ನೂ ಸೇರಿಸಬೇಕು. ಡ್ಯೂಕನೊಬ್ಬನನ್ನು ಹೇಗೆ ಸಂಬೋಧಿಸಬೇಕೆಂಬುದೇ ಅವನ ಚಿಂತೆ. ರೇಷ್ಮೆಯ ಹಗ್ಗ ಬಳಸಿದ ಮೇಲೆ ಮತ್ತೆ ನಾರಿನ ಹಗ್ಗಕ್ಕೆ ಇಳಿಯಲಾರದೆ ವೃತ್ತಿಯಿಂದ ನಿವೃತ್ತನಾಗಲು ಅವನು ಹವಣಿಸುತ್ತಾನೆ. ಯಜಮಾನಿಕೆ ಬದುಕಿರುವುದು ಯಜಮಾನರಿಂದಲ್ಲ, ಈ ಬಗೆಯ ವಿನಯದಿಂದ. ಚಿತ್ರ ತೆರೆಕಂಡ ಕಾಲವೂ ಇಲ್ಲಿ ಮುಖ್ಯ. ಲೂಯಿಯ ವಿಚಾರಣೆ ನಡೆಯುವುದು ಹೌಸ್ ಆಫ್ ಲಾರ್ಡ್ಸ್‌ನಲ್ಲಿ. ಕುಲೀನರನ್ನು ಕುಲೀನರೇ ವಿಚಾರಿಸುವ ಈ ಹಕ್ಕು ನಿಜಜೀವನದಲ್ಲಿ ಕೊನೆಯ ಬಾರಿಗೆ ಚಲಾವಣೆಯಾದದ್ದು 1935ರಲ್ಲಿ, ಲಾರ್ಡ್ ಡಿ ಕ್ಲಿಫರ್ಡ್‌ನ ಪ್ರಕರಣದಲ್ಲಿ. 1948ರ ಕಾನೂನು ಅದನ್ನು ರದ್ದುಮಾಡಿತು. ಮಸೂದೆಗಳನ್ನು ತಡೆಹಿಡಿಯುವ ಆ ಸಭೆಯ ಅವಧಿಯನ್ನು ಎರಡು ವರ್ಷದಿಂದ ಒಂದಕ್ಕೆ ಇಳಿಸಿದ ಕಾನೂನು ಬಂದದ್ದು 1949ರಲ್ಲೇ. ಹೀಗಾಗಿ ಅಂದಿನ ಪ್ರೇಕ್ಷಕರ ನಗುವಿನಲ್ಲಿ ಗೇಲಿಯೆಷ್ಟು, ಹೋಗುತ್ತಿರುವುದರ ಬಗೆಗಿನ ಹಂಬಲವೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಚಿತ್ರದ ಮಿತಿಯನ್ನೂ ಹೇಳಬೇಕು. ರಾಯ್ ಹಾರ್ನಿಮನ್‌ನ 1907ರ ಮೂಲ ಕಾದಂಬರಿ 'ಇಸ್ರೇಲ್ ರ‍್ಯಾಂಕ್'ನಲ್ಲಿ ನಾಯಕ ಅರೆಯಹೂದಿ. ಚಿತ್ರ ಅವನನ್ನು ಅರೆ ಇಟಾಲಿಯನ್ ಆಗಿಸಿತು. ಯಹೂದಿಗಳ ನರಮೇಧ ನಡೆದು ಕೆಲವೇ ವರ್ಷಗಳಾಗಿದ್ದಾಗ ಈ ಬದಲಾವಣೆ ವಿವೇಕದ್ದೇ ಸರಿ. ಆದರೆ ಅದೇ ಚಿತ್ರ ಲೂಯಿ ಮತ್ತು ಅವನ ಪ್ರೇಯಸಿ ಸಿಬೆಲಾರ ಬಾಯಲ್ಲಿ ಕಪ್ಪುಜನರನ್ನು ಹೀನಾಯಗೊಳಿಸುವ ಪದವಿರುವ ಶಿಶುಪ್ರಾಸವೊಂದನ್ನು ಅಳುಕಿಲ್ಲದೆ ಇಡುತ್ತದೆ. ಅಮೆರಿಕದ ಪ್ರತಿಯಲ್ಲಿ ಆ ಪದ ಬದಲಾಯಿತು. ವರ್ಗವನ್ನು ಇಷ್ಟು ತೀಕ್ಷ್ಣವಾಗಿ ಕಂಡ ಕಣ್ಣಿಗೆ ವರ್ಣ ಕಾಣಲಿಲ್ಲ. ಅಮೆರಿಕದ ಸೆನ್ಸಾರ್ ಸಂಹಿತೆ ಮತ್ತೊಂದು ತಿದ್ದುಪಡಿಯನ್ನೂ ಮಾಡಿಸಿತು. ಮೂಲದಲ್ಲಿ, ಬಿಡುಗಡೆಯಾಗಿ ಹೊರಬಂದ ಲೂಯಿಗೆ ಆತ್ಮಕಥೆಯನ್ನು ಸೆರೆಕೋಣೆಯಲ್ಲೇ ಮರೆತದ್ದು ನೆನಪಾಗುವಲ್ಲಿ ಚಿತ್ರ ನಿಲ್ಲುತ್ತದೆ. ಅಮೆರಿಕದ ಪ್ರತಿಯಲ್ಲಿ ಅದು ಅಧಿಕಾರಿಗಳ ಕೈ ಸೇರುವುದನ್ನು ತೋರಿಸಲೇಬೇಕಾಯಿತು. ಪಾಪಕ್ಕೆ ಶಿಕ್ಷೆ ಕಾಣಬೇಕೆಂಬ ಹಟವು ಪ್ರೇಕ್ಷಕನನ್ನು ನಿರಪರಾಧಿಯನ್ನಾಗಿಸಿ ಮನೆಗೆ ಕಳಿಸುತ್ತದೆ. ಮೂಲದ ಅಂತ್ಯವು ಹಾಗೆ ಕಳಿಸುವುದಿಲ್ಲ.

ಪೀಟರ್ ಬಾರ್ನ್ಸ್‌ನ 1968ರ ನಾಟಕವನ್ನು ಆಧರಿಸಿ ಪೀಟರ್ ಮೆಡಕ್ ನಿರ್ದೇಶಿಸಿದ 'ದಿ ರೂಲಿಂಗ್ ಕ್ಲಾಸ್'ನಲ್ಲಿ ಸ್ಮಿತಕ್ಕೆ ಜಾಗವಿಲ್ಲ. ಅಲ್ಲಿ ಎಲ್ಲವೂ ಅತಿಹಸಿತ. ಪೀಟರ್ ಓ'ಟೂಲ್ ಅಭಿನಯಿಸಿದ ಜ್ಯಾಕ್, ಹದಿನಾಲ್ಕನೆಯ ಅರ್ಲ್ ಆಫ್ ಗರ್ನಿ, ತಾನೇ ಯೇಸುಕ್ರಿಸ್ತನೆಂದು ನಂಬಿ ಪ್ರೀತಿಯನ್ನು ಬೋಧಿಸುವಾಗ ಮನೆತನಕ್ಕೆ ಅವನು ಹುಚ್ಚ. ಚಿಕಿತ್ಸೆಯ ನಂತರ ಅವನು ತನ್ನನ್ನು ಕೊಲೆಗಡುಕ ಜ್ಯಾಕ್ ದಿ ರಿಪ್ಪರ್ ಎಂದುಕೊಂಡು, ದಂಡನೆಯ ಮಹಿಮೆಯನ್ನು ಕೊಂಡಾಡಿದಾಗ ಲಾರ್ಡ್ಸ್ ಸಭೆ ಹರ್ಷೋದ್ಗಾರ ಮಾಡುತ್ತದೆ. ಆ ಸಭೆಯ ಸದಸ್ಯರು ಜೇಡರಬಲೆ ಮುತ್ತಿದ ಹೆಣಗಳಾಗಿ ಕಾಣಿಸುತ್ತಾರೆ. ಇಲ್ಲಿಯ ವಿಡಂಬನೆ ಹೆಚ್ಚು ಉಗ್ರವಾದುದಾದರೂ ಪ್ರೇಕ್ಷಕ ಹೊರಗೇ ಉಳಿಯುತ್ತಾನೆ. ಹ್ಯಾಮರ್‌ನ ಚಿತ್ರದಲ್ಲಿರುವ ಒಳಸಂಚಿನ ಪಾಲುದಾರಿಕೆ ಅವನಿಗೆ ದಕ್ಕುವುದಿಲ್ಲ. ಹೆಚ್ಚು ಗಟ್ಟಿಯಾಗಿ ಬೈಯುವ ಕೃತಿಯೇ ಹೆಚ್ಚು ಆಳಕ್ಕೆ ತಾಗುತ್ತದೆಂಬ ನಿಯಮವೇನೂ ಇಲ್ಲ.

ಎಮರಾಲ್ಡ್ ಫೆನೆಲ್‌ಳ 'ಸಾಲ್ಟ್‌ಬರ್ನ್' ಆ ಪಾಲುದಾರಿಕೆಗೆ ಮರಳುತ್ತದೆ, ಆದರೆ ಒಂದು ತಿರುವಿನೊಂದಿಗೆ. 2006ರಲ್ಲಿ ಆಕ್ಸ್‌ಫರ್ಡಿಗೆ ಬರುವ ಆಲಿವರ್ ತನ್ನನ್ನು ಬಡವನೆಂದು ಹೇಳಿಕೊಂಡು ಶ್ರೀಮಂತ ಸಹಪಾಠಿಯ ಮನೆ ಸೇರುತ್ತಾನೆ. ಅವನು ಅನುಕೂಲಸ್ಥ ಮಧ್ಯಮವರ್ಗದವನೆಂಬುದು ತಡವಾಗಿ ತಿಳಿಯುತ್ತದೆ. ಲೂಯಿಗೆ ತಾಯಿಯ ಅವಮಾನದ ನೆಪವಾದರೂ ಇತ್ತು. ಆಲಿವರ್ ಬಡತನವನ್ನೇ ವೇಷವಾಗಿ ತೊಟ್ಟವನು. ಕರುಣೆ ತೋರುವುದೂ ಸಿರಿವಂತರ ಒಂದು ವಿಲಾಸವೆಂಬುದನ್ನು ಅರಿತವನಷ್ಟೇ ಈ ವೇಷ ತೊಡಬಲ್ಲ. ಕಡೆಗೆ ಮನೆ ಅವನದಾಗುತ್ತದೆ, ಪದವಿಯಲ್ಲ. ಅವನನ್ನು ಹೇಗೆ ಸಂಬೋಧಿಸಬೇಕೆಂದು ಚಿಂತಿಸುವ ಒಬ್ಬ ಆಳೂ ಅಲ್ಲಿ ಕಾಣುವುದಿಲ್ಲ. ಬರಿದಾದ ಕೋಣೆಯಿಂದ ಕೋಣೆಗೆ ಅವನು ಬೆತ್ತಲೆಯಾಗಿ ಕುಣಿಯುತ್ತ ಹೋಗುತ್ತಾನೆ.