ಸ್ವಂತ ದುಡಿಮೆ: ಎಲ್ಲಿ ಹೆಚ್ಚು, ಯಾಕೆ?

ಹುಡುಗರು ಪಗಾರದ ಕೆಲಸಕ್ಕೆ ಹುಬ್ಬಳ್ಳಿಗೆ ಹೊಂಟರೆ ನಮ್ಮ ಸಂಶಿ ಕಡೆ ಹಿರಿಯರು, 'ಇನ್ನೊಬ್ಬರ ಕೈಕೆಳಗ ಯಾಕ? ಮನ್ಯಾಗ ಹೊಲ ಐತಲ್ಲ' ಅಂತಾರೆ. ನಾನೂ ಎರಿ ಹೊಲ ನಂಬಿದ ಒಣಬೇಸಾಯದವ. ಆದರೂ ಈ ಮಾತನ್ನು ಲೆಕ್ಕ ಹಾಕಿ ನೋಡಬೇಕು.

ತನ್ನ ಹೊಲ, ತನ್ನ ಅಂಗಡಿ, ತನ್ನ ಕಸಬಿನಲ್ಲಿ ದುಡಿಯುವವರನ್ನು ಸರಕಾರ 'ಸ್ವಯಂ ಉದ್ಯೋಗಿ' ಅನ್ನುತ್ತದೆ. ಕೇಂದ್ರ ಸರಕಾರದ 2023-24ರ ಸಮೀಕ್ಷೆಯಂತೆ ಭಾರತದಲ್ಲಿ ದುಡಿಯುವ 100 ಮಂದಿಯಲ್ಲಿ ಸುಮಾರು 58 ಮಂದಿ ಇಂಥವರು. ಕಾಯಂ ಪಗಾರದವರು 22, ಉಳಿದವರು ದಿನಗೂಲಿಯವರು. ಅಮೆರಿಕ, ಜರ್ಮನಿಯಲ್ಲಿ ಸ್ವಯಂ ಉದ್ಯೋಗಿಗಳು 100ಕ್ಕೆ 10ಕ್ಕಿಂತ ಕಡಿಮೆ. ಗ್ರೀಸ್ ದೇಶದಲ್ಲಿ 25ಕ್ಕಿಂತ ಹೆಚ್ಚು. ಹಾಗಾದರೆ ಅವರಿಗಿಂತ ನಾವು ಧೈರ್ಯವಂತರೇನು? ಹಾಗಲ್ಲ. ಕಾರಣ ಬೇರೆ ಅವ.

1. ಒಕ್ಕಲುತನ: ನಮ್ಮಲ್ಲಿ 100ಕ್ಕೆ ಸುಮಾರು 46 ಮಂದಿ ಭೂಮಿ ನಂಬಿದ್ದಾರೆ. ಅಮೆರಿಕದಲ್ಲಿ ಇಬ್ಬರೂ ಇಲ್ಲ.

2. ಪಗಾರದ ಕೆಲಸ: ಅಲ್ಲಿ ದೊಡ್ಡ ಕಾರಖಾನೆ, ಕಂಪನಿ ಬಹಳ. ಕೆಲಸ ಹೋದರೂ ಕೆಲವು ತಿಂಗಳು ಭತ್ಯೆ ಸಿಗುತ್ತದೆ. ಇನ್ನೊಂದು ಕೆಲಸ ಹುಡುಕಲು ಪುರಸೊತ್ತು ಇರುತ್ತದೆ. ನಮ್ಮವ ಖಾಲಿ ಕೂತರೆ ಒಲೆ ಹತ್ತೋದಿಲ್ಲ, ಚಹಾದಂಗಡಿ ಇಡ್ತಾನೆ.

3. ಕಸಬಿನ ಅಳತೆ: ಗ್ರೀಸ್ ಬಡ ದೇಶವಲ್ಲ. ಆದರೆ ಅಲ್ಲಿ ಮನೆಮಂದಿಯೇ ನಡೆಸುವ ಸಣ್ಣ ಅಂಗಡಿ, ಹೋಟೆಲು, ತೋಟ ಹೆಚ್ಚು.

4. ಎಣಿಸುವ ರೀತಿ: ನಮ್ಮ ಆ 58ರಲ್ಲಿ ಸುಮಾರು 19 ಮಂದಿ ಮನೆಯ ಕೆಲಸದಲ್ಲಿ ಕೂಲಿಯಿಲ್ಲದೆ ಕೈಗೂಡಿಸುವವರು. ಹೆಣ್ಣುಮಕ್ಕಳೇ ಬಹಳ. ಮೆಣಸಿನಕಾಯಿ ಬಿಡಿಸಿ, ಕಣದಲ್ಲಿ ಒಣಗಿಸಿ, ಆರಿಸುವ ಮನೆಯವಳ ಕೈಗೆ ಬಿಡಿಗಾಸೂ ಬರೋದಿಲ್ಲ. ಲೆಕ್ಕದಲ್ಲಿ ಮಾತ್ರ ಆಕೆ ಸ್ವಯಂ ಉದ್ಯೋಗಿ.

ಆದ್ದರಿಂದ ಒಡೆತನ ಖರೆ ಐತೋ, ಹೆಸರಿಗೆ ಐತೋ ಅಂತ ತಿಳಿಯಲು ಒಂದು ವಹಿ ಇಡಿರಿ. ಉದಾಹರಣೆಗೆ, ಮಾಲು ಮಾರಿದ್ದು 60,000 ರೂ. ಬೀಜ, ಗೊಬ್ಬರ, ಗಳೆ, ಆಳಿನ ಖರ್ಚು 36,000. ಉಳಿದದ್ದು 24,000. ಮನೆಮಂದಿ ಎಲ್ಲರದೂ ಸೇರಿ 80 ದಿನದ ದುಡಿಮೆ ಆಗಿದ್ದರೆ ದಿನಕ್ಕೆ ಬಿದ್ದದ್ದು 300 ರೂ. ಊರಿನ ಕೂಲಿಗೆ ಇದನ್ನು ಹೋಲಿಸಿರಿ. ಕಡಿಮೆ ಬಂದರೆ, ಹೊಲ ಇಟ್ಟುಕೊಂಡೇ ಮನೆಯಲ್ಲಿ ಒಬ್ಬರು ಪಗಾರಕ್ಕೆ ಹೋಗೋದು ಸೋಲಲ್ಲ.

ಹೆಸರು, ಹತ್ತಿ, ಜೋಳದ ಬೆಂಬಲ ಬೆಲೆ ಗೊತ್ತುಮಾಡುವಾಗ ಸರಕಾರವೇ ಮನೆಮಂದಿಯ ದುಡಿಮೆಯನ್ನು ಖರ್ಚಿನಲ್ಲಿ ಹಿಡಿಯುತ್ತದೆ. ನಾವೇ ಬಿಟ್ಟರೆ ಹೆಂಗ?