ಜಪ್ತಿ ಅಕ್ರಮವಾದರೆ ಸಾಕ್ಷ್ಯ ಬಿದ್ದುಹೋಗುತ್ತದೆಯೇ?

ಹೈದರಾಬಾದ್–ಸೊಲ್ಲಾಪುರ ಹೆದ್ದಾರಿ ಹುಮನಾಬಾದ್ ಹಾದು, ಬಸವಕಲ್ಯಾಣ ತಾಲ್ಲೂಕು ದಾಟಿ ಮಹಾರಾಷ್ಟ್ರ ಸೇರುತ್ತದೆ. ಈ ದಾರಿಯಲ್ಲಿ ವಾಹನ ತಪಾಸಣೆಯೂ ಗಾಂಜಾ ಜಪ್ತಿಯೂ ಹೊಸದಲ್ಲ. ಸಿಕ್ಕಿಬಿದ್ದವರಲ್ಲಿ ಮಾಲು ಸಾಗಿಸುವವರೂ ಇರಬಹುದು, ಏನೂ ಅರಿಯದೆ ಪಕ್ಕದ ಸೀಟಿನಲ್ಲಿ ಕುಳಿತವರೂ ಇರಬಹುದು. ಸಂವಿಧಾನದ ರಕ್ಷಣೆ ಇಬ್ಬರಿಗೂ ಒಂದೇ.

‘ಪೊಲೀಸರು ಕಾನೂನು ಮೀರಿ ಶೋಧ ಮಾಡಿದ್ದಾರೆ, ಕೇಸು ನಿಲ್ಲುವುದಿಲ್ಲ’ ಎಂದು ಧೈರ್ಯ ಹೇಳುವವರು ಬಹಳ. ಅದನ್ನೇ ನಂಬಿ ಕೂರಬೇಡಿ. ಅಮೆರಿಕದಲ್ಲಿ ಅಕ್ರಮ ಶೋಧದ ಸಾಕ್ಷ್ಯವನ್ನು ಸಾಮಾನ್ಯವಾಗಿ ಕೋರ್ಟು ಹೊರಗಿಡುತ್ತದೆ. ನಮ್ಮಲ್ಲಿ ಹಾಗಿಲ್ಲ. ಶೋಧ ಅಕ್ರಮ ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ತಳ್ಳಿಹಾಕಬೇಕಿಲ್ಲ ಎಂದು ಪೂರಣ್ ಮಲ್ ಪ್ರಕರಣದಲ್ಲಿ (1973) ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಯಾವ ಸಾಕ್ಷ್ಯ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ತಿಳಿದಿರಬೇಕು. ಆದ ಅಕ್ರಮವನ್ನು ಮೊದಲ ದಿನವೇ ದಾಖಲಿಸಬೇಕು.

ಪೊಲೀಸರ ಮುಂದಿನ ತಪ್ಪೊಪ್ಪಿಗೆ

ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸುವಂತಿಲ್ಲ. ಇದು ಸಂವಿಧಾನದ 20(3)ನೇ ವಿಧಿ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುತ್ತದೆ. ಆದರೆ ಕಸ್ಟಡಿಯಲ್ಲಿರುವಾಗ ಕೊಟ್ಟ ಮಾಹಿತಿಯಿಂದ ವಸ್ತು ಸಿಕ್ಕರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ‘ಚಾಕು ಬಾವಿಯಲ್ಲಿದೆ’ ಎಂಬುದು ನಿಲ್ಲಬಹುದು. ‘ಅದರಿಂದಲೇ ಕೊಂದೆ’ ಎಂಬುದು ನಿಲ್ಲದು.

ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ನಡೆಸಬಾರದು ಎಂದು 2010ರಲ್ಲಿ ತೀರ್ಪಾದದ್ದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ. ಮೊಬೈಲ್ ಪಾಸ್‌ವರ್ಡ್ ಕುರಿತು ಕರ್ನಾಟಕ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ (2021) ದಾರಿ ತೋರಿದೆ: ಆರೋಪಿ ಕೊಡದಿದ್ದರೆ ತನಿಖಾಧಿಕಾರಿ ಶೋಧ ವಾರಂಟಿಗಾಗಿ ಕೋರ್ಟಿಗೆ ಹೋಗಬೇಕು. ಆದರೆ ಪಾಸ್‌ವರ್ಡ್ ಕೊಡುವುದನ್ನು ತನ್ನ ವಿರುದ್ಧ ತಾನೇ ಹೇಳುವ ಸಾಕ್ಷ್ಯವೆಂದು ಆ ತೀರ್ಪು ಒಪ್ಪಲಿಲ್ಲ.

ಗಾಂಜಾ ಪ್ರಕರಣದ ವಿಶೇಷ ನಿಯಮ

ಎನ್‌ಡಿಪಿಎಸ್ (ಮಾದಕವಸ್ತು) ಕಾಯ್ದೆಯ ಶಿಕ್ಷೆ ಕಠಿಣ; ಅದಕ್ಕೇ ನಿಯಮವೂ ಬಿಗಿ. ಮೈ ತಪಾಸಣೆಗೆ ಮುನ್ನ ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ’ ಎಂದು ಅಧಿಕಾರಿ ತಿಳಿಸಲೇಬೇಕು (50ನೇ ಕಲಂ). ತಿಳಿಸದೆ ಮೈಮೇಲಿಂದ ವಶಪಡಿಸಿಕೊಂಡ ಮಾಲನ್ನೇ ಆಧರಿಸಿ ಶಿಕ್ಷೆ ಕೊಡಲಾಗದು ಎಂದು ಬಲದೇವ್ ಸಿಂಗ್ ಪ್ರಕರಣ (1999) ಹೇಳುತ್ತದೆ. ಈ ರಕ್ಷಣೆ ಮೈ ತಪಾಸಣೆಗಷ್ಟೇ. ಕೈಚೀಲಕ್ಕೆ, ಕಾರಿನ ಡಿಕ್ಕಿಗೆ ಅನ್ವಯಿಸದು.

ಈಗ ಶೋಧ, ಜಪ್ತಿಯ ವಿಡಿಯೊ ಚಿತ್ರೀಕರಣವೂ ಕಡ್ಡಾಯ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 105ನೇ ಕಲಂ). ಪಂಚನಾಮೆಯಲ್ಲಿ ಸ್ಥಳ, ಸಮಯ, ತೂಕ ಬರೆದಿದೆಯೇ, ಪಂಚರು ನಿಜಕ್ಕೂ ಅಲ್ಲಿದ್ದರೇ ಎಂಬುದನ್ನು ವಕೀಲರು ಅದೇ ವಿಡಿಯೊ ಇಟ್ಟುಕೊಂಡು ಪ್ರಶ್ನಿಸಬಹುದು. ನಿಮ್ಮನ್ನೇ ಪಂಚರಾಗಿ ಕರೆದರೆ ಖಾಲಿ ಹಾಳೆಗೆ ಸಹಿ ಹಾಕಬೇಡಿ. ಕಂಡದ್ದಕ್ಕೆ ಮಾತ್ರ ಸಹಿ ಹಾಕಿ.

ಬಂಧನದ ಕಾರಣ, ನಿಮ್ಮ ಭಾಷೆಯಲ್ಲಿ

ಬಸವಕಲ್ಯಾಣದ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಒಟ್ಟಿಗೇ ಕೇಳಿಸುತ್ತವೆ. ಠಾಣೆಯ ಕಾಗದ ಮಾತ್ರ ಕನ್ನಡದಲ್ಲಿ. ಉಮರ್ಗಾ ಕಡೆಯ ಮರಾಠಿ ಕೂಲಿಗೆ ಅದನ್ನು ಓದಲಾಗದಿದ್ದರೆ? ಬಂಧನದ ಕಾರಣವನ್ನು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ, ಲಿಖಿತವಾಗಿಯೇ ಕೊಡಬೇಕೆಂದು ಸುಪ್ರೀಂ ಕೋರ್ಟ್ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ (2025) ಹೇಳಿದೆ. ತಕ್ಷಣ ಕೊಡಲಾಗದಿದ್ದರೆ ಬಾಯಿಮಾತಿನಲ್ಲಿ ತಿಳಿಸಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲು ಬರಹದಲ್ಲಿ ಕೊಡಬೇಕು. ತಪ್ಪಿದರೆ ಬಂಧನ ಅಕ್ರಮ. ಆಗ ಬಿಡುಗಡೆ ಸಿಗಬಹುದು. ಕೇಸು ಮಾತ್ರ ಮುಂದುವರಿಯುತ್ತದೆ.

ಏನು ಮಾಡಬೇಕು?

1. ಬಂಧನದ ಮೆಮೊದಲ್ಲಿ ದಿನಾಂಕ, ಸಮಯ ಸರಿಯಿದೆಯೇ ನೋಡಿ. ಮನೆಯವರಿಗೆ ಸುದ್ದಿ ಮುಟ್ಟಿಸುವುದು ಪೊಲೀಸರ ಕರ್ತವ್ಯ.

2. ವಿಚಾರಣೆಯ ವೇಳೆ ವಕೀಲರನ್ನು ಭೇಟಿ ಮಾಡಲು ಕೇಳಿ. ಉದ್ದಕ್ಕೂ ಪಕ್ಕದಲ್ಲಿ ಕೂರಿಸಿಕೊಳ್ಳಲು ಆಗದಿದ್ದರೂ, ಭೇಟಿ ನಿಮ್ಮ ಹಕ್ಕು.

3. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು (22ನೇ ವಿಧಿ). ಹೊಡೆದಿದ್ದರೆ, ಖಾಲಿ ಕಾಗದಕ್ಕೆ ಸಹಿ ಪಡೆದಿದ್ದರೆ ಅಲ್ಲೇ ಬಾಯಿಬಿಟ್ಟು ಹೇಳಿ, ದಾಖಲಿಸುವಂತೆ ಕೋರಿ. ವೈದ್ಯಕೀಯ ಪರೀಕ್ಷೆಯಲ್ಲಿ ಗಾಯ ತೋರಿಸಿ.

4. ಠಾಣೆಯ ಸಿಸಿಟಿವಿ ದೃಶ್ಯ ಅಳಿಸದಂತೆ ವಕೀಲರ ಮೂಲಕ ಬೇಗ ಅರ್ಜಿ ಹಾಕಿಸಿ. ಠಾಣೆಗಳಲ್ಲಿ ಕ್ಯಾಮೆರಾ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಆದೇಶಿಸಿದೆ.

5. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಕೇಳಿ, ಅಥವಾ 15100ಕ್ಕೆ ಕರೆ ಮಾಡಿ.

ಠಾಣೆಯಲ್ಲಿ ನಡೆದ ತಪ್ಪನ್ನು ತಿಂಗಳುಗಳ ನಂತರ ಮೊದಲ ಬಾರಿಗೆ ಹೇಳಿದರೆ, ಅದು ಶಿಕ್ಷೆ ತಪ್ಪಿಸಿಕೊಳ್ಳಲು ಕಟ್ಟಿದ ಕಥೆ ಎಂದು ಸರ್ಕಾರಿ ವಕೀಲರು ವಾದಿಸುತ್ತಾರೆ. ಮೊದಲ ದಿನವೇ ಮ್ಯಾಜಿಸ್ಟ್ರೇಟರ ಕಡತ ಸೇರಿದ ಒಂದು ಸಾಲಿನ ಮೇಲೆ ಆ ವಾದ ನಡೆಯುವುದಿಲ್ಲ. ಹಾಗಾಗಿ ಹೆದರಿಕೆಯಾದರೂ ಆ ದಿನವೇ ಹೇಳಿ.