ಬೇಳೆಗೊಂದು ಅಳತೆ

ಅವರೆಕಾಯಿ ಕಾಲ ಬಂತೆಂದರೆ ದೊಡ್ಡಬಳ್ಳಾಪುರದ ಕಡೆ ಹಿತಕಬೇಳೆ ಸಾರಿಲ್ಲದೆ ಮುದ್ದೆ ಗಂಟಲಿಗಿಳಿಯದು. ಆದರೆ ಮನೆಯಲ್ಲಿ ಕಿಡ್ನಿ ಸೋತವರಿದ್ದು, ಡಾಕ್ಟರು ‘ಪ್ರೋಟೀನ್ ಇಳಿಸಿ’ ಎಂದಿದ್ದರೆ ಅಳತೆ ಬೇಕೇ ಬೇಕು. ಸಾಮಾನ್ಯವಾಗಿ ಹೇಳುವುದು ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.6ರಿಂದ 0.8 ಗ್ರಾಂ, 60 ಕೆ.ಜಿ.ಯವರಿಗೆ 36ರಿಂದ 48 ಗ್ರಾಂ. ನೂರು ಗ್ರಾಂ ತೊಗರಿಬೇಳೆಯಲ್ಲೇ ಸುಮಾರು 22 ಗ್ರಾಂ ಇದೆ. ರಾಗಿಯಲ್ಲಿ 7, ಸಬ್ಬಕ್ಕಿಯಲ್ಲಿ ಇಲ್ಲವೆನ್ನುವಷ್ಟು.

ಬೇಳೆ ಬಿಟ್ಟೇಬಿಡಬೇಡಿ. ಅವರ ಪಾಲಿಗೆ ಹಿಡಿಯಿಂದ ಹಾಕುವ ಬದಲು ಚಮಚದಲ್ಲಿ ಅಳೆದು, ಸೋರೆಕಾಯಿ ಹೆಚ್ಚಿಸಿ. ಹಸಿದುಕೊಂಡಿದ್ದರೆ ಮೈಯ ಮಾಂಸವೇ ಕರಗುತ್ತದೆ. ಅದಕ್ಕೇ ಸಬ್ಬಕ್ಕಿ ಉಪ್ಪಿಟ್ಟಿಗೆ ಎಣ್ಣೆ ಧಾರಾಳವಾಗಿರಲಿ. ಮುದ್ದೆ ಎಷ್ಟೆಂದು ಡಯಟಿಷಿಯನ್ನರನ್ನೇ ಕೇಳಿ, ಪಕ್ಕದ ಮನೆಯವರನ್ನಲ್ಲ. ಡಯಾಲಿಸಿಸ್ ಶುರುವಾದವರಿಗಂತೂ ಈ ಲೆಕ್ಕವೇ ತಿರುಗುಮುರುಗು: ಅವರಿಗೆ ಪ್ರೋಟೀನ್ ಹೆಚ್ಚು ಬೇಕು.